ಅವರಿಗೇನ್ರಿ, ಬಿಸಲು ಒಗ್ಗಿ ಹೋಗ್ಯಾದ…

ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ. ಬಿಡುವಿದ್ದಾಗ ಓದಿ.

ನಮ್ಮ ಬಿಸಿಲನಾಡಿನವರಿಗೆ ಇದು ಗೊತ್ತಿರುವ ಸಂಗತಿ. ಏಪ್ರಿಲ್ ಬಂತು ಅಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ಎರಡು ತಿಂಗಳು ಹೀಗೇ. ಆ ಆದೇಶದ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸೋದು ಪ್ರತಿ ವರ್ಷ ನನ್ನ ಕೆಲಸ. ಗುಮಾಸ್ತನಾಗಿ ನಾನು ಅಂಟಿಸಿರುವ ಸಾವಿರ ಕಾಗದಗಳಲ್ಲಿ ಜನ ನಿಂತು ಖುಷಿಯಿಂದ ಓದೋದು ಇದೊಂದನ್ನೇ.

ಮೊನ್ನೆ ಆಫೀಸಿನ ಮುಂದೆ ಚರಂಡಿ ಕೆಲಸ ನಡೆದಿತ್ತು. ಒಂದೂವರೆಗೆ ನಾವು ಬ್ಯಾಗ್ ಹಾಕ್ಕೊಂಡು ಹೊರಗೆ ಬಂದಾಗ ನಾಲ್ಕು ಜನ ಹೆಣ್ಣುಮಕ್ಕಳು, ಮೂವರು ಗಂಡಸರು ಅಗೀತಾ ಮಣ್ಣು ಹೊರ್ತಾ ಇದ್ದರು. ನೆರಳಿಗೆ ಒಂದು ಗಿಡ ಇಲ್ಲ. ನನ್ನ ಜೊತೆಗಿದ್ದ ಸಹೋದ್ಯೋಗಿ ತಲೆ ಮೇಲೆ ಕರವಸ್ತ್ರ ಹಾಕ್ಕೊಂಡು ಸ್ಕೂಟರ್ ಸೀಟಿನ ಮೇಲೆ ಬಾಟಲಿ ನೀರು ಸುರಿದು ತಂಪು ಮಾಡ್ತಾ ಇದ್ದರು. ನಾನು, "ಇವರಿಗೂ ಒಂದು ಆದೇಶ ಮಾಡಬೇಕಿತ್ತು ನೋಡ್ರಿ" ಅಂದೆ. ಅವರು ನಕ್ಕು ಹೇಳಿದರು: "ಅವರಿಗೇನ್ರಿ, ಬಿಸಲು ಒಗ್ಗಿ ಹೋಗ್ಯಾದ. ಅವರ ಮೈನೇ ಬ್ಯಾರೆ."

ಅವರು ಕೆಟ್ಟವರಲ್ಲ. ಕಷ್ಟಕ್ಕೆ ಸಾಲ ಕೊಡುವ ಮನುಷ್ಯ. ನಾನು ಯಾರು ಅಂತ ಅವರಿಗೆ ಗೊತ್ತು, ಆ ಕ್ಷಣಕ್ಕೆ ಮರೆತಿದ್ದರು ಅಷ್ಟೇ. ವೇದಿಕೆ ಮೇಲೆ ಮೈಕ್ ಹಿಡಿದರೆ ಒಂದು ಗಂಟೆ ಮಾತಾಡುವ ನಾನು ಅವತ್ತು ಏನೂ ಮಾತಾಡದೆ ಹೆಲ್ಮೆಟ್ ಹಾಕ್ಕೊಂಡು ಬಂದೆ.

ಯಾಕೆ ಅಂತ ಮನೆಗೆ ಬರುವ ದಾರಿ ಪೂರ್ತಿ ಯೋಚನೆ ಮಾಡಿದೆ. ಕಾರಣ ಇಷ್ಟೇ. ಅದೇ ಮಾತನ್ನು ನಾನು ನಮ್ಮವ್ವನ ಬಾಯಲ್ಲಿ ಕೇಳಿ ಬೆಳೆದವನು. "ನಮ್ಮ ಮೈ ಬಿಸಲಿಗಿ ಅಂಜಲ್ಲೋ, ಬಿಸಲೇ ನಮಗ ಅಂಜತದ." ಅವ್ವ ಹೆಮ್ಮೆಯಿಂದ ಹೇಳ್ತಿದ್ದಳು. ನಾನೂ ಹೆಮ್ಮೆಪಟ್ಟಿದ್ದೆ. ಸಮಾವೇಶಗಳಲ್ಲಿ, ಉರಿಬಿಸಿಲಲ್ಲಿ ಪಾದಯಾತ್ರೆ ಮಾಡುವಾಗ ಹುಡುಗರನ್ನು ಹುರಿದುಂಬಿಸಲು ಅದೇ ಮಾತು ಬಳಸಿದ್ದೇನೆ. ಈಗ ಅದೇ ಮಾತು ಬೇರೆಯವರ ಬಾಯಿಂದ ಬಂದಾಗ ಉತ್ತರ ಎಲ್ಲಿಂದ ತರಲಿ?

ಇನ್ನೊಂದು ಕಾರಣವೂ ಇದೆ. ಅದನ್ನು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಅದನ್ನು ಹೇಳಬೇಕಾದರೆ ಕೌದಿಯಿಂದ ಶುರು ಮಾಡಬೇಕು.

ನಮ್ಮ ಮನೆಯಲ್ಲಿ ಎರಡು ಕೌದಿ ಇದ್ದವು. ಹಳೇ ಸೀರೆ, ಧೋತರ, ಯಾರೋ ಕೊಟ್ಟ ಅಂಗಿಯ ತುಂಡು ಎಲ್ಲ ಸೇರಿಸಿ ಅವ್ವ, ಅಜ್ಜಿ ಕೂತು ಹೊಲಿದಿದ್ದು. ಡಿಸೆಂಬರ್ ಥಂಡಿಯಲ್ಲಿ ಐದು ಜನ ಎರಡು ಕೌದಿಯಲ್ಲಿ ಮಲಗ್ತಿದ್ವಿ. ನಡುವೆ ಮಲಗುವ ಜಾಗಕ್ಕೆ ನಾನೂ ತಂಗಿಯೂ ಜಗಳ. ಬಿಸಿಲನಾಡಲ್ಲಿ ಥಂಡಿ ಎಲ್ಲಿದೆ ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಬೆಳಗಿನ ಜಾವ ಫರಸಿ ಕಲ್ಲಿನ ನೆಲದ ಮೇಲೆ ಬರಿಮೈಲಿ ಮಲಗಿ ನೋಡಿ, ಆಮೇಲೆ ಮಾತಾಡೋಣ.

ಥಂಡಿಯಲ್ಲಿ ಮೈ ಏನು ಮಾಡುತ್ತೆ? ಮೊದಲು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ಬಿಸಿ ರಕ್ತ ಹೊರಗೆ ಬಂದು ಆರಿಹೋಗದ ಹಾಗೆ ಒಳಗೇ, ಎದೆ ಹೊಟ್ಟೆ ಮಿದುಳಿನ ಕಡೆ ಇಟ್ಟುಕೊಳ್ಳುತ್ತೆ. ಅದಕ್ಕೇ ಮೊದಲು ಬೆರಳು, ಕಿವಿ, ಮೂಗಿನ ತುದಿ ಮರಗಟ್ಟೋದು. ಮನೆಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಮೊದಲು ಎತ್ತಿಕೊಳ್ಳುವ ಹಾಗೆ, ಮೈ ಬೆರಳನ್ನು ಬಿಟ್ಟು ಹೃದಯವನ್ನು ಉಳಿಸಿಕೊಳ್ಳುತ್ತೆ. ಸಾಲದಿದ್ದರೆ ನಡುಕ. ನಡುಕ ಅಂದರೆ ಅಶಕ್ತಿ ಅಲ್ಲ, ಸ್ನಾಯುಗಳು ಕೂತಲ್ಲೇ ಕೆಲಸ ಮಾಡಿ ಬಿಸಿ ಹುಟ್ಟಿಸೋದು. ಮೈಕೂದಲು ನಿಲ್ಲೋದು ನಮ್ಮ ಪೂರ್ವಜರಿಗೆ ಮೈತುಂಬ ತುಪ್ಪಳ ಇದ್ದ ಕಾಲದ ಪಳೆಯುಳಿಕೆ. ಈಗ ಅದರಿಂದ ಏನೂ ಉಪಯೋಗ ಇಲ್ಲ. ಎಳೆ ಕೂಸುಗಳಿಗೆ ಸರಿಯಾಗಿ ನಡುಗೋಕೂ ಬರಲ್ಲ. ಅವುಗಳ ಹೆಗಲು, ಕುತ್ತಿಗೆ ಸುತ್ತ ಕಂದು ಕೊಬ್ಬು ಅಂತ ಒಂದಿರುತ್ತೆ, ಅದನ್ನು ಉರಿಸಿ ಬಿಸಿ ಮಾಡಿಕೊಳ್ತವೆ. ಅದೂ ಸಾಲದೇ ತಾಯಿ ಎದೆ ಬೇಕು.

ಕೌದಿ ಬಿಸಿ ಕೊಡಲ್ಲ. ಪದರಗಳ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ, ಆ ಗಾಳಿ ನಮ್ಮ ಮೈಯ ಬಿಸಿಯನ್ನು ಹೊರಗೆ ಬಿಡಲ್ಲ. ಬಿಸಿ ನಮ್ಮದೇ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಪ್ಪ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸಕ್ಕೆ ಹೋಗ್ತಿದ್ದ. ಶಹಾಬಾದ್ ಕಲ್ಲು ಅಂತ ನೀವೆಲ್ಲ ಮನೆಗೆ ಹಾಸಿರ್ತೀರಲ್ಲ, ಅದು. ಖಣಿ ಅಂದರೆ ಬೇಸಿಗೆಯಲ್ಲಿ ಕಾದ ಹಂಚು. ಮೇಲಿಂದ ಬಿಸಿಲು, ಕೆಳಗಿಂದ ಕಲ್ಲಿನ ಝಳ, ನಾಲ್ಕೂ ಕಡೆ ಗೋಡೆ, ಗಾಳಿ ಆಡಲ್ಲ.

1996ರ ಮೇ ತಿಂಗಳು. ನಾನು ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟ್ ಕಾಯ್ತಿದ್ದೆ. ಮಧ್ಯಾಹ್ನ ಎರಡರ ಸುಮಾರಿಗೆ ಅಪ್ಪನನ್ನು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮಲಗಿಸಿಕೊಂಡು ಬಂದರು. ಖಣಿಯಲ್ಲಿ ಹಾರೆ ಬಿಸಾಕಿ ಏನೇನೋ ಬಡಬಡಿಸಿ, ನಡೆಯೋಕೆ ಹೋಗಿ ಬಿದ್ದನಂತೆ. "ಹಗಲಾಗೇ ಕುಡದಾನ" ಅಂದಿದ್ದರಂತೆ ಖಣಿಯವರು. ಅರ್ಧ ಗಂಟೆ ಅಲ್ಲೇ ಬಿಸಿಲಲ್ಲಿ ಬಿಟ್ಟಿದ್ದರು, ಅಮಲು ಇಳಿಯಲಿ ಅಂತ. ಅಪ್ಪ ಕುಡೀತಿದ್ದ, ಸುಳ್ಳು ಹೇಳಲ್ಲ. ಆದರೆ ಸಂಜೆ. ಕೆಲಸದ ಹೊತ್ತಲ್ಲಿ ಒಂದು ದಿನವೂ ಕುಡಿದವನಲ್ಲ. ಆದರೂ ಅವತ್ತು ನಾವೂ ಅದನ್ನೇ ನಂಬಿದೆವು. ದಲಿತ ಹಗಲು ಹೊತ್ತು ತೂರಾಡಿದರೆ ಅವನಿಗೆ ಇನ್ನೇನು ಕಾಯಿಲೆ ಇರೋಕೆ ಸಾಧ್ಯ ಅಂತ ನಾವೂ ಕಲಿತುಬಿಟ್ಟಿದ್ದೆವು.

ಅಪ್ಪ ನನ್ನನ್ನು ಅವನ ತಮ್ಮನ ಹೆಸರು ಹಿಡಿದು ಕರೆದ. ಅವ್ವ ಹಣೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ಬೆಂಕಿ. ಕೈಕಾಲು ಅದುರುತ್ತಿದ್ದವು. "ಜರ ಬಂದಾವ, ಥಂಡಿ ಹತ್ತ್ಯಾದ, ಕೌದಿ ತಗಂಬಾ" ಅಂದಳು.

ಎರಡೂ ಕೌದಿ ತಂದೆ. ಅವ್ವ ಒಂದು ಹೊಚ್ಚಿದಳು, ಇನ್ನೊಂದನ್ನು ನಾನು ಹೊಚ್ಚಿದೆ. ಗಾಳಿ ತಾಗಬಾರದು ಅಂತ ಬಾಗಿಲು ಹಾಕಿದೆ. ಅಪ್ಪ ಎರಡು ಸಲ ಕೌದಿ ಕಿತ್ತು ಹಾಕೋಕೆ ನೋಡಿದ. ಎರಡು ಸಲವೂ ನಾನು ಕೈ ಹಿಡಿದು ಮತ್ತೆ ಹೊಚ್ಚಿದೆ.

ಸಂಜೆ ಊರಿನ ಆರ್‌ಎಂಪಿ ಡಾಕ್ಟರ್ ಬರುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಜ್ವರ ತಲೆಗೇರಿತು ಅಂದರು ಕೆಲವರು. ಕುಡಿತ ಅಂದರು ಉಳಿದವರು. ಖಣಿಯವರು ಐನೂರು ರೂಪಾಯಿ ಕಳಿಸಿದ್ದರು.

ಇದಾಗಿ ಇಪ್ಪತ್ತು ವರ್ಷದ ಮೇಲೆ ತಾಲ್ಲೂಕು ಮಟ್ಟದಲ್ಲಿ ಬೇಸಿಗೆ ಮುನ್ನೆಚ್ಚರಿಕೆ ತರಬೇತಿ ಅಂತ ಒಂದು ನಡೆಯಿತು. ನಾನು ಹಾಜರಿ ಪುಸ್ತಕ, ಚಹಾ, ಬಿಸ್ಕೀಟಿನ ಡ್ಯೂಟಿ. ಹಿಂದೆ ನಿಂತು ಕೇಳ್ತಾ ಇದ್ದೆ. ಡಾಕ್ಟರು ಜ್ವರ ಬೇರೆ, ಬಿಸಿಲಾಘಾತ ಬೇರೆ ಅಂತ ವಿವರಿಸಿದರು. ಅದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ.

ನಮ್ಮ ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಅಂತ ಚಿಕ್ಕ ಭಾಗ ಇದೆ. ಮೈಯೊಳಗಿನ ತಾಪ ಸುಮಾರು 37 ಡಿಗ್ರಿ ಇರಬೇಕು ಅಂತ ಅದರ ಲೆಕ್ಕ. ಸೋಂಕು ಬಂದಾಗ ಅದು ಬೇಕಂತಲೇ ಆ ಲೆಕ್ಕವನ್ನು ಮೇಲೆ ಏರಿಸುತ್ತೆ, 39 ಇರಲಿ ಅನ್ನುತ್ತೆ. ಮೈ ಇನ್ನೂ 37ರಲ್ಲೇ ಇರೋದರಿಂದ ಚಳಿ ಅನ್ನಿಸುತ್ತೆ, ನಡುಕ ಬರುತ್ತೆ, ಹೊದ್ದುಕೊಳ್ಳೋಣ ಅನ್ನಿಸುತ್ತೆ. ಜ್ವರದ ಮಾತ್ರೆ ಕೆಲಸ ಮಾಡೋದು ಆ ಲೆಕ್ಕವನ್ನು ಮತ್ತೆ ಕೆಳಗಿಳಿಸಿ. ಬಿಸಿಲಾಘಾತದಲ್ಲಿ ಲೆಕ್ಕ ಬದಲಾಗಿರಲ್ಲ. 37 ಇರಲಿ ಅಂತಲೇ ಮಿದುಳು ಹೇಳ್ತಿರುತ್ತೆ, ಆದರೆ ಒಳಗೆ ಹುಟ್ಟಿದ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ. 40 ದಾಟಿತು ಅಂದರೆ ಮಿದುಳೇ ಗೊಂದಲಕ್ಕೆ ಬೀಳುತ್ತೆ. ಮಾತು ತೊದಲುತ್ತೆ, ಗುರುತು ಸಿಗಲ್ಲ, ನಡಿಗೆ ತಪ್ಪುತ್ತೆ, ಫಿಟ್ಸ್ ಬಂದು ಕೈಕಾಲು ಅದುರಬಹುದು. ನೋಡಿದವರಿಗೆ ಕುಡಿದ ಹಾಗೇ ಕಾಣುತ್ತೆ. ಇದಕ್ಕೆ ಜ್ವರದ ಮಾತ್ರೆ ನಡೆಯಲ್ಲ. ಬಟ್ಟೆ ತೆಗೆದು, ನೀರು ಸುರಿದು, ಗಾಳಿ ಬೀಸಿ ಆದಷ್ಟು ಬೇಗ ಮೈ ತಣಿಸಬೇಕು, ಅದೊಂದೇ ದಾರಿ. "ಹೊದಿಸೋದು ಅಂದರೆ ಕುದಿಯುವ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ" ಅಂದರು ಡಾಕ್ಟರು.

ನಾನು ಚಹಾದ ಟ್ರೇ ಕೆಳಗಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಬ್ಬರು ಬಂದು "ಯಾಕ್ರಿ, ಬಿಸಲು ಹತ್ತೇನು?" ಅಂತ ಕೇಳಿದರು. ಹೂಂ ಅಂದೆ.

ಅವತ್ತಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದಿದ್ದೀನಿ. ಬಿಎ ಓದಿದವನಿಗೆ ವಿಜ್ಞಾನ ಕಷ್ಟವೇ. ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ: ಬಿಸಿಲು ತಡೆಯುವ ಶಕ್ತಿ ಮೈಯಲ್ಲಿ ಮಾತ್ರ ಇಲ್ಲ. ನೀರಿನಲ್ಲಿ, ನೆರಳಿನಲ್ಲಿ, ಕೂತುಕೊಳ್ಳುವ ಹಕ್ಕಿನಲ್ಲಿ ಇದೆ.

ಹೇಗೆ ಅಂತ ನೋಡಿ. ಕೆಲಸ ಮಾಡುವ ಸ್ನಾಯು ಅನ್ನದಿಂದ ಬಂದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸಕ್ಕೆ ಬಳಸುತ್ತೆ. ಉಳಿದ ಮುಕ್ಕಾಲು ಭಾಗ ಬಿಸಿಯಾಗುತ್ತೆ. ಅಂದರೆ ಹಾರೆ ಹಿಡಿದವನ ಮೈಯೊಳಗೇ ಒಂದು ಒಲೆ ಉರೀತಿರುತ್ತೆ, ಫ್ಯಾನ್ ಕೆಳಗೆ ಫೈಲು ನೋಡುವ ನನ್ನ ಮೈಯಲ್ಲಿ ಅಷ್ಟಿಲ್ಲ. ಆ ಬಿಸಿಯನ್ನು ರಕ್ತ ಹೊತ್ತು ಚರ್ಮಕ್ಕೆ ತರುತ್ತೆ. ಚರ್ಮದ ತಾಪ ಸುಮಾರು 35 ಡಿಗ್ರಿ. ಹೊರಗಿನ ಗಾಳಿ 25 ಇದ್ದರೆ ಬಿಸಿ ತಾನಾಗಿ ಗಾಳಿಗೆ ಹೋಗುತ್ತೆ. ಗಾಳಿಯೇ 42 ಇದ್ದರೆ? ಬಿಸಿ ಉಲ್ಟಾ ಗಾಳಿಯಿಂದ ಮೈಗೆ ಬರುತ್ತೆ. ಆಗ ಉಳಿಯೋ ದಾರಿ ಒಂದೇ, ಬೆವರು.

ನಮ್ಮ ಮೈಮೇಲೆ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿಗಳಿವೆ. ಮಣ್ಣಿನ ಗಡಿಗೆಯ ನೀರು ಯಾಕೆ ತಣ್ಣಗಿರುತ್ತೆ? ಗಡಿಗೆ ಸಣ್ಣಗೆ ಜಿನುಗಿ, ಆ ಜಿನುಗಿದ ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತೆ. ಮನುಷ್ಯನ ಮೈಯೂ ಅದೇ ಗಡಿಗೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಬಿಸಿ ಹೋಗುತ್ತೆ. ಆವಿಯಾದರೆ ಮಾತ್ರ. ನೆಲಕ್ಕೆ ತೊಟ್ಟಿಕ್ಕಿದ ಬೆವರು ವ್ಯರ್ಥ. ಮಂಗಳೂರಿನಲ್ಲಿ 34 ಡಿಗ್ರಿಗೇ ನಮ್ಮ ಕಡೆಯವರು ಒದ್ದಾಡೋದು ಇದಕ್ಕೇ. ಅಲ್ಲಿಯ ಗಾಳಿಯಲ್ಲಿ ತೇವ ತುಂಬಿ ಬೆವರು ಆರಲ್ಲ.

ಬಿಸಿಲಲ್ಲಿ ಗಟ್ಟಿ ಕೆಲಸ ಮಾಡುವವರು ಗಂಟೆಗೆ ಒಂದು ಲೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆವರು ಸುರಿಸ್ತಾರೆ. ಆ ನೀರು ಎಲ್ಲಿಂದ ಬರಬೇಕು? ರಕ್ತದಿಂದ. ಒಂದು ಕಡೆ ರಕ್ತದ ನೀರು ಕಮ್ಮಿಯಾಗ್ತಾ ಇರುತ್ತೆ, ಇನ್ನೊಂದು ಕಡೆ ಅದೇ ರಕ್ತವನ್ನು ಚರ್ಮಕ್ಕೂ ಸ್ನಾಯುವಿಗೂ ಹೃದಯ ಒತ್ತಬೇಕು. ವಯಸ್ಸಾದವರಲ್ಲಿ, ಮೊದಲೇ ದುರ್ಬಲ ಹೃದಯ ಇದ್ದವರಲ್ಲಿ ಅದು ಅಲ್ಲಿಗೇ ಸೋಲುತ್ತೆ. ರಿಜಿಸ್ಟರಿನಲ್ಲಿ ಹೃದಯಾಘಾತ ಅಂತ ಬರೀತಾರೆ. ನಾನೂ ಗುಮಾಸ್ತನೇ. ಯಾವ ಕಾಲಮ್ಮಿಗೆ ಏನು ಬರೆದರೆ ಫೈಲು ಮುಗಿಯುತ್ತೆ ಅಂತ ನನಗೂ ಗೊತ್ತು.

ಇನ್ನು ಟಿವಿಯಲ್ಲಿ ಬರುವ ಡಿಗ್ರಿ. ಹವಾಮಾನ ಇಲಾಖೆಯ ಥರ್ಮಾಮೀಟರು ಇರೋದು ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಳಗೆ. ಸುತ್ತ ಪಟ್ಟಿಗಳಿರುತ್ತವೆ, ಗಾಳಿ ಆಡುತ್ತೆ, ಬಿಸಿಲು ನೇರ ಬೀಳಲ್ಲ. ಸ್ಟೀವನ್‌ಸನ್ ಪೆಟ್ಟಿಗೆ ಅಂತಾರೆ. ಗಾಳಿಯ ತಾಪ ಸರಿಯಾಗಿ ಗೊತ್ತಾಗಲು ಹಾಗೇ ಅಳೆಯಬೇಕು, ಅದು ತಪ್ಪಲ್ಲ. ಆದರೆ ಇದರ ಅರ್ಥ ನೋಡಿ. ಕಲಬುರಗಿ 43 ಡಿಗ್ರಿ ಅಂದರೆ ಅದು ನೆರಳಿನ ಲೆಕ್ಕ. ಸರ್ಕಾರದ ಥರ್ಮಾಮೀಟರಿಗೂ ನೆರಳಿದೆ, ಚರಂಡಿ ಅಗೆಯುವವಳಿಗೆ ಇಲ್ಲ.

ಈಗ "ಒಗ್ಗಿ ಹೋಗ್ಯಾದ" ಅನ್ನುವ ಮಾತಿಗೆ ಬರ್ತೀನಿ. ಅದು ಪೂರ್ತಿ ಸುಳ್ಳಲ್ಲ, ಅದೇ ಅದರ ಅಪಾಯ. ಮೈ ಬಿಸಿಲಿಗೆ ಒಗ್ಗುತ್ತೆ. ಒಂದರಿಂದ ಎರಡು ವಾರ ದಿನಾ ಬಿಸಿಲಲ್ಲಿ ಕೆಲಸ ಮಾಡಿದರೆ ರಕ್ತದ ನೀರಿನಂಶ ಹೆಚ್ಚುತ್ತೆ, ಬೆವರು ಬೇಗ ಶುರುವಾಗುತ್ತೆ, ಜಾಸ್ತಿ ಬರುತ್ತೆ, ಅದರಲ್ಲಿ ಉಪ್ಪು ಕಮ್ಮಿಯಾಗುತ್ತೆ. ಆದರೆ ಇದು ಯಾರ ಮೈಗಾದರೂ ಆಗುತ್ತೆ. ಸೈನಿಕರಿಗೆ, ಓಟಗಾರರಿಗೆ ಆಗುತ್ತೆ, ನನ್ನ ಸಹೋದ್ಯೋಗಿಯ ಮಗನನ್ನು ಎರಡು ವಾರ ಕಳಿಸಿದರೆ ಅವನಿಗೂ ಆಗುತ್ತೆ. ಕೆಲವು ವಾರ ನೆರಳಲ್ಲಿದ್ದರೆ ಹೊರಟೂ ಹೋಗುತ್ತೆ. ಅಪ್ಪನಿಂದ ಮಗನಿಗೆ, ಕೇರಿಯಿಂದ ಕೇರಿಗೆ ಬರುವ ಆಸ್ತಿ ಅಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಗಳು ಬಿಸಿಲಿಗೆ ಹೊಸದಾಗಿ ಬಂದವನಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ ಕೊಡಿ, ದಿನಾ ಅಷ್ಟಷ್ಟೇ ಏರಿಸಿ ಅಂತ ಹೇಳುತ್ತವೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ವರ್ಣಭೇದದ ಕಾಲದಲ್ಲಿ ಕಪ್ಪು ಕಾರ್ಮಿಕರನ್ನು ಆಳಕ್ಕೆ ಇಳಿಸುವ ಮೊದಲು ಬಿಸಿ ಕೋಣೆಯಲ್ಲಿ ದಿನಗಟ್ಟಲೆ ಮೆಟ್ಟಿಲು ಹತ್ತಿಸಿ ಇಳಿಸಿ ಒಗ್ಗಿಸ್ತಿದ್ದರು. ಮನುಷ್ಯರು ಅಂತ ಕರುಣೆಯಿಂದಲ್ಲ, ಸತ್ತರೆ ನಷ್ಟ ಅಂತ. ಆ ಮಾಲೀಕರಿಗೂ ಗೊತ್ತಿತ್ತು, ಕಪ್ಪು ಮೈಗೆ ಹುಟ್ಟಿನಿಂದ ಬಿಸಿ ಒಗ್ಗಿರಲ್ಲ ಅಂತ. ನಮ್ಮ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ ಇತ್ತು, ತಳದ ಬಂಡೆ 60 ಡಿಗ್ರಿ ದಾಟುತ್ತಿತ್ತು. ಅಲ್ಲಿಗೆ ಇಳಿದವರಲ್ಲಿ ಬಹುಪಾಲು ಯಾರು ಅಂತ ಈ ಪೋಸ್ಟ್ ಓದುವವರಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಮುಖ್ಯ ವಿಷಯ, ಇದನ್ನು ದಯವಿಟ್ಟು ಎಲ್ಲರಿಗೂ ಹೇಳಿ. ಒಗ್ಗಿದ ಮೈ ಹೆಚ್ಚು ಬೆವರುತ್ತೆ. ಹಾಗಾಗಿ ಒಗ್ಗಿದ ಮೈಗೆ ನೀರು ಕಮ್ಮಿ ಸಾಕು ಅನ್ನೋದು ತಪ್ಪು, ಅದಕ್ಕೆ ನೀರು ಜಾಸ್ತಿ ಬೇಕು! "ಅವರಿಗೆ ಒಗ್ಗಿದೆ" ಅಂತ ಹೇಳುವವರು ಮೊದಲು ಎರಡು ಕೊಡ ನೀರು ಜಾಸ್ತಿ ಇಟ್ಟು ಆಮೇಲೆ ಹೇಳಲಿ.

ನೀರು ಅಂದಕೂಡಲೇ ನಮ್ಮ ಚರಿತ್ರೆ ಎಲ್ಲ ಎದ್ದು ಬರುತ್ತೆ. ಬಾಬಾಸಾಹೇಬರು ತಮ್ಮ ಆತ್ಮಕಥನದ ತುಣುಕುಗಳಲ್ಲಿ ಮೊದಲು ಹೇಳೋದೇ ಒಂದು ಬೇಸಿಗೆಯ ಕಥೆ. 1901ರಲ್ಲಿ ಅಪ್ಪನನ್ನು ನೋಡಲು ಮಕ್ಕಳೆಲ್ಲ ಹೊರಟಿದ್ದು, ಮಸೂರ್ ಸ್ಟೇಷನ್ನಿನಲ್ಲಿ ಕರೆದೊಯ್ಯಲು ಯಾರೂ ಬರದಿದ್ದು, ಎತ್ತಿನ ಗಾಡಿಯ ರಾತ್ರಿ ಪ್ರಯಾಣ. ಬುತ್ತಿ ತುಂಬ ಊಟ ಇತ್ತು, ನೀರು ಕೊಡುವವರಿರಲಿಲ್ಲ, ಹಸಿದೇ ಮಲಗಿದರು. ಆಗ ಅವರಿಗೆ ಸುಮಾರು ಒಂಬತ್ತು ವರ್ಷ. ಚಿಕ್ಕಂದಿನಲ್ಲಿ ಇದನ್ನು ಓದಿ ಅವಮಾನದ ಕಥೆ ಅಂದುಕೊಂಡಿದ್ದೆ. ಈಗ ಓದಿದರೆ ಬೆವರಿ ಒಣಗಿದ ಮಕ್ಕಳ ಮೈ ಕಾಣುತ್ತೆ. ಚೌದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20, ಅದೂ ಬೇಸಿಗೆಯ ಬಾಗಿಲಲ್ಲೇ.

ಇವತ್ತಿನ ಕಥೆ ಹೇಳ್ತೀನಿ. ಆ ಮಾತು ಕೇಳಿಸಿಕೊಂಡ ಮಾರನೇ ದಿನ ಆಫೀಸು ಬಿಟ್ಟ ಮೇಲೆ ಆ ಚರಂಡಿ ಕೆಲಸದವರ ಹತ್ತಿರ ಹೋದೆ. ಒಬ್ಬ ಅಕ್ಕನಿಗೆ ನನ್ನ ಬಾಟಲಿ ಕೊಟ್ಟೆ. ಎರಡು ಗುಟುಕು ಕುಡಿದು ವಾಪಸ್ ಕೊಟ್ಟಳು. "ಪೂರ್ತಿ ಕುಡೀರಿ ಅಕ್ಕಾ" ಅಂದರೆ, "ಬ್ಯಾಡಪ್ಪಾ, ಕುಡದರ ಒಂದಕ್ಕ ಹೋಗಬೇಕಾಗ್ತದ, ಎಲ್ಲಿ ಹೋಗಲಿ?" ಅಂದಳು. ಬೆಳಿಗ್ಗೆ ಮನೆ ಬಿಟ್ಟಾಗಿಂದ ಸಂಜೆ ತನಕ ಅವಳು ಲೆಕ್ಕ ಹಾಕಿ ನೀರು ಕುಡೀತಾಳೆ. ನಮ್ಮ ಆಫೀಸಿನಲ್ಲಿ ಶೌಚಾಲಯ ಇದೆ. ಅವರು ಇಪ್ಪತ್ತು ಹೆಜ್ಜೆ ದೂರದಲ್ಲಿ ಅಗೀತಿದ್ದಾರೆ. ಒಳಗೆ ಬರಬೇಡಿ ಅಂತ ಯಾರೂ ಹೇಳಿಲ್ಲ, ಬನ್ನಿ ಅಂತಲೂ ಯಾರೂ ಹೇಳಿಲ್ಲ. ನಾನೂ ಹೇಳಿರಲಿಲ್ಲ.

ದಿನಾ ಹೀಗೆ ಒಣಗುವ ಮೈಯಲ್ಲಿ ಮೂತ್ರಪಿಂಡ ಸವೆಯುತ್ತೆ. ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಗಂಡಸರು, ಸಕ್ಕರೆ ಕಾಯಿಲೆ, ಬಿಪಿ ಏನೂ ಇಲ್ಲದ ಪ್ರಾಯದವರು, ಕಿಡ್ನಿ ಹೋಗಿ ಸಾಯ್ತಾ ಇದ್ದದ್ದು ಜಗತ್ತಿಗೆಲ್ಲ ಸುದ್ದಿಯಾಯ್ತು. ಸುಡುವ ಬಿಸಿಲಿನ ದುಡಿಮೆ ಅದಕ್ಕೆ ಮುಖ್ಯ ಕಾರಣ ಅಂತ ಸಂಶೋಧಕರು ಹೇಳ್ತಾರೆ. ಗದ್ದೆಗೆ ನೀರು, ನೆರಳು, ಕಡ್ಡಾಯ ವಿಶ್ರಾಂತಿ ತಂದಲ್ಲಿ ಕಿಡ್ನಿಗೆ ಆಗುವ ಪೆಟ್ಟು ಕಮ್ಮಿಯಾಯ್ತು. ಎಂಥ ದೊಡ್ಡ ಔಷಧ ನೋಡಿ, ನೀರು, ನೆರಳು, ವಿಶ್ರಾಂತಿ! ನಮ್ಮಲ್ಲಿ ಕಬ್ಬು ಕಡಿಯೋಕೆ ಗುಳೆ ಹೋಗುವವರ ಕಿಡ್ನಿ ಕೇಳುವವರು ಯಾರಿದ್ದಾರೆ?

ಮರುದಿನ ಒಂದು ಅರ್ಜಿ ಬರೆದೆ. ಕಚೇರಿ ಆವರಣದಲ್ಲಿ, ಸುತ್ತಮುತ್ತ ಕೆಲಸ ಮಾಡುವವರಿಗೆ ಕಚೇರಿಯ ಶೌಚಾಲಯ, ಕುಡಿಯುವ ನೀರು ಮುಕ್ತವಾಗಿರಬೇಕು, ಗೇಟಿನ ಹತ್ತಿರ ನೆರಳಿನ ಬಲೆ ಕಟ್ಟಬೇಕು, ಗುತ್ತಿಗೆದಾರರು 12ರಿಂದ 3ರವರೆಗೆ ಕೆಲಸ ನಿಲ್ಲಿಸಬೇಕು. ಕಡೆಯದಕ್ಕೆ ಆಧಾರವಾಗಿ ಸರ್ಕಾರದ ಸೂಚನೆಯನ್ನೇ ಲಗತ್ತಿಸಿದೆ. 12ರಿಂದ 3 ಹೊರಗೆ ಹೋಗಬೇಡಿ ಅಂತ ಪ್ರತಿ ವರ್ಷ ಹೊರಡುವ ಆ ಸೂಚನೆಯನ್ನು ನಮ್ಮ ಆಫೀಸಿನಲ್ಲಿ ಟೈಪ್ ಮಾಡೋದೂ ನಾನೇ.

ನೆರಳಿನ ಬಲೆಗೆ ಯಾವ ಲೆಕ್ಕ ಶೀರ್ಷಿಕೆ ಅಂತ ಪ್ರಶ್ನೆ ಬಂದು ಫೈಲು ನನ್ನ ಟೇಬಲ್ಲಿಗೇ ವಾಪಸ್ ಬಂದಿದೆ. ಗುತ್ತಿಗೆದಾರರ ವಿಷಯ "ಪರಿಶೀಲಿಸಿ". ಶೌಚಾಲಯಕ್ಕೆ ಸಾಹೇಬರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ನೀರಿನ ಎರಡು ಗಡಿಗೆ ನಾನೇ ತಂದಿಟ್ಟೆ. ಲೋಟ ಇಡುವಾಗ ಎಷ್ಟು ಇಡಲಿ ಅಂತ ಒಂದು ಕ್ಷಣ ಯೋಚನೆ ಬಂತು, ನಿಮಗೆ ಅರ್ಥ ಆಗುತ್ತೆ. ಒಂದೇ ಇಟ್ಟೆ. ಮೊದಲು ಅದರಲ್ಲಿ ನೀರು ಕುಡಿದವರು ಯಾರು ಗೊತ್ತಾ? ಆ ಸಹೋದ್ಯೋಗಿಯೇ. ಹಿಂದಿನ ದಿನವೇ ನಾನು ಅವರಿಗೆ ಅಪ್ಪನ ವಿಷಯ ಹೇಳಿದ್ದೆ, ಕೌದಿ ವಿಷಯ ಬಿಟ್ಟು. ಅವರು ಏನೂ ಅನ್ನಲಿಲ್ಲ. ಗಡಿಗೆ ನೀರು ಕುಡಿದು, "ತಂಪವ" ಅಂದು ಒಳಗೆ ಹೋದರು. ಅಷ್ಟೇ. ಅದಕ್ಕಿಂತ ಹೆಚ್ಚು ಅರ್ಥ ನಾನು ಹುಡುಕಲ್ಲ.

ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ ಇದನ್ನು ಓದಿ ಹೇಳಿ. ಬಿಸಿಲಲ್ಲಿ ದುಡೀತಿದ್ದವರು ಹಠಾತ್ತಾಗಿ ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಗುರುತು ಹಿಡಿಯದಿದ್ದರೆ, ಕುಡಿದಿದ್ದಾರೆ ಅಂದುಕೊಳ್ಳಬೇಡಿ. ಬೆವರು ನಿಂತಿರಲೇಬೇಕು ಅಂತಿಲ್ಲ, ಬೆವರುತ್ತಿದ್ದರೂ ಬಿಸಿಲಾಘಾತ ಆಗಿರಬಹುದು. ನೆರಳಿಗೆ ಒಯ್ಯಿರಿ. ಬಟ್ಟೆ ಸಡಿಲಿಸಿ, ತೆಗೆಯಿರಿ. ಸಿಕ್ಕ ನೀರನ್ನೆಲ್ಲ ಮೈಮೇಲೆ ಸುರಿಯಿರಿ, ಬೀಸಿರಿ. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. 108ಕ್ಕೆ ಫೋನ್ ಮಾಡಿ, ಆದರೆ ಗಾಡಿ ಬರೋ ತನಕ ನೀರು ಸುರಿಯೋದು ನಿಲ್ಲಿಸಬೇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಬರೀ ಸುಸ್ತು, ಎಚ್ಚರ ಇದೆ ಅಂದರೆ ಓಆರ್‌ಎಸ್ ಕೊಡಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೇದು. ಹೊದಿಸಬೇಡಿ. ಬಾಗಿಲು ಹಾಕಬೇಡಿ.

ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೀನಿ, ಅವತ್ತು ಇದೆಲ್ಲ ಗೊತ್ತಿದ್ದರೆ ಅಪ್ಪ ಉಳೀತಿದ್ದನಾ ಅಂತ. ಆ ಬೇಸಿಗೆಯಲ್ಲಿ ಕೇರಿಯ ಬೋರಿಂಗ್ ಕೆಟ್ಟು ಇಪ್ಪತ್ತು ದಿನ ಆಗಿತ್ತು. ಊರಿನ ಬಾವಿಯಲ್ಲಿ ನೀರಿತ್ತು, ಯಾರಾದರೂ ಸೇದಿ ಹಾಕುವ ತನಕ ಕಾಯಬೇಕಿತ್ತು. ಮನೆಯಲ್ಲಿದ್ದದ್ದು ಮೂರು ಕೊಡ, ಐದು ಜನಕ್ಕೆ ಎರಡು ದಿನ ಕುಡಿಯೋಕೆ. ಗೊತ್ತಿದ್ದರೂ ಅದನ್ನು ಮೈಮೇಲೆ ಸುರೀತಿದ್ವಾ?

ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ನನ್ನ ಜೊತೆಗೇ ಇದ್ದಾಳೆ. ಆ ಎರಡು ಕೌದಿಯಲ್ಲಿ ಒಂದನ್ನು ಅಪ್ಪನ ಜೊತೆಗೇ ಮಣ್ಣಿಗೆ ಹಾಕಿದರು, ಇನ್ನೊಂದು ಇನ್ನೂ ಇದೆ. ಹರಿದಲ್ಲೆಲ್ಲ ಹೊಸ ತುಂಡು ಹಾಕಿ ಹೊಲೀತಾಳೆ, ಈಗ ಅದರಲ್ಲಿ ನನ್ನ ಮಗಳ ಸ್ಕೂಲ್ ಯೂನಿಫಾರ್ಮಿನ ತುಂಡೂ ಇದೆ. ತರಬೇತಿಯಿಂದ ಬಂದ ದಿನ ಅವಳಿಗೆ ಹೇಳಬೇಕು ಅಂದುಕೊಂಡೆ. ಆಗಲಿಲ್ಲ. "ನಿಮ್ಮಪ್ಪಗ ಕಡೀಗ್ಯಾದರೂ ಥಂಡಿ ಹತ್ತದಂಗ ನೋಡಕೊಂಡೆ" ಅಂತ ಅವಳು ಇವತ್ತಿಗೂ ಹೇಳ್ತಾಳೆ.

ಅವ್ವನಿಗೆ ಓದೋಕೆ ಬರಲ್ಲ, ಅದಕ್ಕೇ ಇದನ್ನು ಇಲ್ಲಿ ಬರೆದೆ. ಮನೆಗೆ ಬಂದುಹೋಗುವ ಗೆಳೆಯರು ಇದ್ದೀರಿ. ದಯವಿಟ್ಟು ಯಾರೂ ಆಕೆಗೆ ಇದನ್ನು ಓದಿ ಹೇಳಬೇಡಿ.

ಸೋಮವಾರ ಬೆಳಿಗ್ಗೆ 8ಕ್ಕೆ ಆಫೀಸಿನ ಹತ್ತಿರ ಇರ್ತೀನಿ. ಹಳೇ ನೆರಳಿನ ಬಲೆ, ಟಾರ್ಪಾಲು ಯಾರ ಹತ್ತಿರವಾದರೂ ಇದ್ದರೆ ತಂದುಕೊಡಿ, ಲೆಕ್ಕ ಶೀರ್ಷಿಕೆ ಸಿಗುವ ತನಕ ನಾವೇ ಕಟ್ಟೋಣ. ಬೊಂಬು ಸಿಕ್ಕಿದೆ. ಹಗ್ಗ ಬೇಕು.

ಜೈಭೀಮ್.